ಕಾಡಿನ ಸರಕು ನಮ್ಮದು, ಬೆಲೆ ಕಟ್ಟುವವರು ಬೇರೆ: ಪೋಡು, ಹಾಡಿಗಳ ಸಂಪಾದನೆ ಬಗ್ಗೆ ಪ್ರಶ್ನೋತ್ತರ

ಈ ಸಲ ನಮ್ಮ ಪ್ರಶ್ನೋತ್ತರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಒಬ್ಬ ತರಬೇತುದಾರರು. 19 ವರ್ಷದಿಂದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಊರುಗಳಲ್ಲಿ (ಸೋಲಿಗರು ಇವನ್ನು ಪೋಡು ಅನ್ನುತ್ತಾರೆ, ಜೇನು ಕುರುಬರು ಹಾಡಿ ಅನ್ನುತ್ತಾರೆ) ಅರಣ್ಯ ಹಕ್ಕಿನ ಅರ್ಜಿ ತುಂಬುವುದು, ಕಾಡಿನ ಉತ್ಪನ್ನದ ಲೆಕ್ಕ ಬರೆಯುವುದು ಇವನ್ನು ಕಲಿಸುತ್ತಿದ್ದಾರೆ. ಪ್ರಶ್ನೆ ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ (ಬಿಳಿಗಿರಿರಂಗನ ಬೆಟ್ಟದ ಯುವಕ, ಈಗ ಮೈಸೂರಿನಲ್ಲಿ ಕೆಲಸ)

ಅಕ್ಕಾ, ನಮಸ್ಕಾರ. ನಾನು ಸೋಲಿಗರ ಹುಡುಗ. ನಮ್ಮ ಪೋಡಿಗೆ 2011ರಲ್ಲೇ ಸಮುದಾಯ ಹಕ್ಕುಪತ್ರ, ಅಂದರೆ ಕಾಡಿನ ಮೇಲೆ ಊರಿಗೆಲ್ಲ ಸೇರಿದ ಹಕ್ಕಿನ ಪತ್ರ ಬಂತು. ಆಗ ನಾನು ಸ್ಕೂಲಿನಲ್ಲಿದ್ದೆ. ಅದರ ಜೆರಾಕ್ಸ್ ಪ್ರತಿಗೆ ಅಪ್ಪ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದಾರೆ. ಆದರೆ ಮನೆಯಲ್ಲಿ ಏನೂ ಬದಲಾಗಿಲ್ಲ. ಅಪ್ಪ ಜೇನು ಕೊಯ್ಯುತ್ತಾರೆ, ಅಮ್ಮ ನೆಲ್ಲಿಕಾಯಿ, ಮರದ ಪಾಚಿ (ಕಲ್ಲುಹೂವು) ತರುತ್ತಾರೆ. ಆದಿವಾಸಿ ಸಹಕಾರ ಸೊಸೈಟಿಯವರು ಎಷ್ಟು ಕೊಟ್ಟರೆ ಅಷ್ಟು. ಒಂದೆಕರೆ ಕಾಫಿ ಇದೆ. ಅದನ್ನು ಜುಲೈಯಲ್ಲೇ ಅಡ್ವಾನ್ಸ್ ಕೊಟ್ಟ ವ್ಯಾಪಾರಿ ಒಯ್ಯುತ್ತಾನೆ. ಮೈಸೂರಿನ ಅಂಗಡಿಯಲ್ಲಿ ಕಾಡುಜೇನಿನ ಬಾಟಲಿ ಮೇಲಿನ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ಬಡವರಾಗಿರುವುದು ನಮಗೆ ವ್ಯಾಪಾರ ಬರಲ್ಲ ಅಂತಾನಾ? ಹಕ್ಕು ಬಂದ ಮೇಲೂ ಯಾಕೆ ಹೀಗೆ? ನಾವು ಕೆಲವು ಹುಡುಗರು ಸೇರಿ ಜೇನು ಬಾಟಲಿಗೆ ತುಂಬಿ ಮಾರೋಣ ಅಂತಿದ್ದೀವಿ. ಎಲ್ಲಿಂದ ಶುರು ಮಾಡಬೇಕು?

ಉತ್ತರ

ತಮ್ಮಾ, ನಿಮ್ಮವರಿಗೆ ವ್ಯಾಪಾರ ಬರಲ್ಲ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಯಾವ ಮರದಲ್ಲಿ ಹೆಜ್ಜೇನು ಯಾವಾಗ ಕೂರುತ್ತದೆ, ಎಷ್ಟು ದಿನಕ್ಕೆ ತುಪ್ಪ ಕಟ್ಟುತ್ತದೆ, ಯಾವ ಹೂವಿನ ಜೇನು ಕಹಿ ಅನ್ನುವುದೆಲ್ಲ ನಿಮ್ಮಪ್ಪನಿಗೆ ಬಾಯಿಪಾಠ. ಅಂಥವರಿಗೆ ತಕ್ಕಡಿ ಓದುವುದು ದೊಡ್ಡ ವಿದ್ಯೆ ಏನಲ್ಲ. ಅದನ್ನು ಓದುವ ಜಾಗಕ್ಕೆ ಅವರನ್ನು ಬಿಟ್ಟುಕೊಂಡೇ ಇಲ್ಲ, ಅಷ್ಟೆ.

ಅಪ್ಪನ ಹತ್ತಿರ ಸೊಸೈಟಿಯ ಹಳೇ ರಸೀದಿ ಇದ್ದರೆ ತೆಗೆದು ನೋಡು. ಎಷ್ಟೋ ಕಡೆ ಅದರಲ್ಲಿ 'ಸಂಗ್ರಹಣೆ ಕೂಲಿ' ಅಂತ ಬರೆದಿರುತ್ತದೆ. 'ಬೆಲೆ' ಅಂತ ಇರುವುದಿಲ್ಲ. ನನ್ನ ಪ್ರಕಾರ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಆ ಒಂದು ಪದದಲ್ಲೇ ಇದೆ. ಹಿಂದೆ ಕಾಡಿನ ಜೇನು, ನೆಲ್ಲಿ, ಸೀಗೆ, ಅಳಲೆ ಎಲ್ಲ ಸರ್ಕಾರದ್ದು ಅನ್ನುವ ಲೆಕ್ಕ. ಕಂಟ್ರಾಕ್ಟರು ಹರಾಜಿನಲ್ಲಿ ಹಿಡಿಯುತ್ತಿದ್ದ. 1970ರ ದಶಕದಿಂದ ಲ್ಯಾಂಪ್ಸ್ ಅನ್ನುವ ಈ ಸೊಸೈಟಿಗಳು ಬಂದವು. ಕಂಟ್ರಾಕ್ಟರನ ಜಾಗಕ್ಕೆ ಆದಿವಾಸಿಗಳದ್ದೇ ಸಹಕಾರ ಸಂಘ ಬರಲಿ ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಲೆಕ್ಕದ ಪದ ಬದಲಾಗಲಿಲ್ಲ. ಸರಕು ಇನ್ಯಾರದ್ದೋ, ನೀನು ಆಯ್ದು ತಂದಿದ್ದಕ್ಕೆ ಕೂಲಿ. ಕೂಲಿ ಕೊಡುವವನು ದರ ಗೊತ್ತು ಮಾಡುತ್ತಾನೆ. ಮಾರುವವನಾದರೆ ಚೌಕಾಸಿ ಮಾಡಬಹುದು.

ಇದನ್ನು ಬದಲಾಯಿಸಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3ನೇ ಕಲಂ ಕಿರು ಅರಣ್ಯ ಉತ್ಪನ್ನದ (ಜೇನು, ನೆಲ್ಲಿಯಂಥ, ಮರವಲ್ಲದ ಸರಕಿನ) ಮೇಲೆ 'ಮಾಲೀಕತ್ವ' ಅಂತಲೇ ಹೇಳುತ್ತದೆ. ಕೂಡಿಸುವುದು, ಬಳಸುವುದು, ಮಾರುವುದು ಮೂರೂ ಸೇರಿ. 2012ರಲ್ಲಿ ನಿಯಮಗಳಿಗೆ ತಿದ್ದುಪಡಿ ಬಂದಾಗ ಇನ್ನೂ ಬಿಡಿಸಿ ಹೇಳಿದರು. ಒಣಗಿಸುವುದು, ಸೋಸುವುದು, ಕಾಡಿನಿಂದ ಹೊರಗೆ ವಾಹನದಲ್ಲಿ ಸಾಗಿಸುವುದು ಎಲ್ಲವೂ ಆ ಹಕ್ಕಿನೊಳಗೇ ಬರುತ್ತದೆ. ರಾಯಧನ, ಶುಲ್ಕ ಯಾವುದೂ ಇಲ್ಲ. ಸಾಗಾಣಿಕೆ ಪಾಸನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು.

ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. 2011ರಲ್ಲಿ ಅದರೊಳಗಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿ ಕಾಡಿನೊಳಗೆ ಇಂಥ ಹಕ್ಕು ಮೊದಲು ಪಡೆದವರು ನಿಮ್ಮವರೇ. ಅದು ಸುಮ್ನೆ ಬಂದಿದ್ದಲ್ಲ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆದಮೇಲೆ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ತೆಗೆಯುವುದಕ್ಕೆ ತಡೆ ಬಿತ್ತು. 1990ರ ದಶಕದ ಅಧ್ಯಯನಗಳ ಪ್ರಕಾರ ಸೋಲಿಗರ ನಗದು ಸಂಪಾದನೆಯಲ್ಲಿ ಅರ್ಧದ ಆಸುಪಾಸು ಈ ಉತ್ಪನ್ನಗಳಿಂದಲೇ ಬರುತ್ತಿತ್ತು. ಅದು ನಿಂತಾಗ ಮನೆಮನೆಯಿಂದ ಜನ ಎಸ್ಟೇಟುಗಳಿಗೆ ಕೂಲಿಗೆ ಹೋದರು. ನಿಮ್ಮಪ್ಪನನ್ನು ಕೇಳು, ಆ ವರ್ಷಗಳ ಕಥೆ ಹೇಳುತ್ತಾರೆ. ಹಾಗಾಗಿ ಆ ಜೆರಾಕ್ಸಿಗೆ ಕಟ್ಟು ಹಾಕಿಸಿದ್ದು ಏನೂ ಜಾಸ್ತಿ ಆಗಲಿಲ್ಲ.

ಆದರೆ ಹಕ್ಕುಪತ್ರ ಗೋಡೆಯ ಮೇಲೆ ಇರುವವರೆಗೆ ತಕ್ಕಡಿ ಬೇರೆಯವರ ಕೈಯಲ್ಲೇ ಇರುತ್ತದೆ. ಅದನ್ನು ಬಳಸಬೇಕಾದ್ದು ಗ್ರಾಮಸಭೆ. ನಿಮ್ಮ ಗ್ರಾಮಸಭೆ ಕೊನೆಗೆ ಯಾವಾಗ ಸೇರಿತ್ತು? ನಡಾವಳಿ ಪುಸ್ತಕ ಯಾರ ಹತ್ತಿರ ಇದೆ? ಕಾಡಿನ ನಿರ್ವಹಣೆಗೆ ಒಂದು ಸಮಿತಿ ಮಾಡಬೇಕಿತ್ತು, ಮಾಡಿದ್ದೀರಾ? ಸಾಗಾಣಿಕೆ ಪಾಸಿನ ಪುಸ್ತಕ ಅಚ್ಚು ಹಾಕಿಸಿದ್ದೀರಾ? ಬೇರೆ ಬೇರೆ ಪೋಡುಗಳಲ್ಲಿ ನಾನು ಇದೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಹೆಚ್ಚಿನ ಕಡೆ ನಾಲ್ಕಕ್ಕೂ ಮೌನ.

ಈಗ ಬಾಟಲಿ ವಿಚಾರ. ಇಲ್ಲಿ ನಿನಗೆ ಸ್ವಲ್ಪ ಬೇಸರ ಆಗಬಹುದು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೋಡಿನಲ್ಲಿ ಕಿಲೋಗೆ 250 ರೂಪಾಯಿ, ಅಂಗಡಿಯಲ್ಲಿ 700. ನಡುವೆ 450 ಇದೆ, ಅದೆಲ್ಲ ನಮಗೇ ಬರಲಿ ಅನ್ನಿಸುತ್ತದೆ. ಆದರೆ ಅಂಗಡಿಯವನು 200 ಇಟ್ಟುಕೊಳ್ಳುತ್ತಾನೆ. ಬಾಟಲಿ, ಲೇಬಲ್, ರಟ್ಟಿನ ಪೆಟ್ಟಿಗೆಗೆ 50. ಸೋಸುವಾಗ ಹೋಗುವ ತೂಕ, ಲ್ಯಾಬ್ ಪರೀಕ್ಷೆ, ಲಾರಿ ಬಾಡಿಗೆ ಸೇರಿ 80. ಉಳಿಯುವುದು 120. ಅದೂ ದುಡ್ಡು ನಾಲ್ಕೈದು ತಿಂಗಳು ತಡವಾಗಿ ಬರುತ್ತದೆ. ಜೇನು ತಂದವನಿಗೆ ಅವತ್ತೇ ರಾಗಿ, ಎಣ್ಣೆ ತರಲು ಕಾಸು ಬೇಕು. ಆ ನಾಲ್ಕೈದು ತಿಂಗಳ ದುಡ್ಡು ಯಾರು ಹಾಕುತ್ತಾರೆ?

ಇದು ನನ್ನದೇ ಅನುಭವ. ಒಂದು ವರ್ಷ ಒಂದು ಮಹಿಳಾ ಸಂಘದ ಜೊತೆ ಸೇರಿ 300 ಬಾಟಲಿ ತುಂಬಿಸಿದೆ. ಮುಂಗಾರು ಶುರುವಾದ ಮೇಲೆ ತೆಗೆದ ಜೇನು. ನೀರಿನಂಶ ಅಳೆದಿರಲಿಲ್ಲ. ನಮ್ಮ ದೇಶದ ಆಹಾರ ಗುಣಮಟ್ಟದ ನಿಯಮದಲ್ಲಿ ಜೇನಿನ ನೀರಿನಂಶ 20% ಮೀರಬಾರದು. ಹೆಜ್ಜೇನಿನ ಕಾಡುಜೇನಿನಲ್ಲಿ ಅದು ಸುಲಭವಾಗಿ ಮೀರುತ್ತದೆ, ಮಳೆ ಬಿದ್ದ ಮೇಲಂತೂ ಹೇಳುವುದೇ ಬೇಡ. ಎರಡು ತಿಂಗಳಲ್ಲಿ ಜೇನು ಹುಳಿ ಬಂದು ಮುಚ್ಚಳ ಉಬ್ಬಿತು. ಅಂಗಡಿಯವರು ಅಷ್ಟನ್ನೂ ವಾಪಸ್ ಕಳಿಸಿದರು. ಅದು ಆ ಹೆಂಗಸರು ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ಉಳಿಸಿದ್ದ ದುಡ್ಡು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಅವರಲ್ಲಿ ಒಬ್ಬರೂ ನನ್ನನ್ನು ಬಯ್ಯಲಿಲ್ಲ.

ಅದಕ್ಕೇ ಹೇಳುವುದು, ಬ್ರಾಂಡ್ ಆಮೇಲೆ. ಮೊದಲು ಪೋಡಿಗೆ ಒಂದು ಸ್ವಂತ ಎಲೆಕ್ಟ್ರಾನಿಕ್ ತಕ್ಕಡಿ, ಮುದ್ರೆ ಹಾಕಿಸಿದ್ದು. ಒಂದು ರಿಫ್ರ್ಯಾಕ್ಟೋಮೀಟರ್, ಅಂದರೆ ಒಂದು ಹನಿ ಜೇನು ಹಾಕಿ ಬೆಳಕಿಗೆ ಹಿಡಿದರೆ ನೀರಿನಂಶ ತೋರಿಸುವ ಕೈಯಳತೆಯ ಸಾಧನ. ಮತ್ತೊಂದು ಉದ್ದನೆಯ ಪುಸ್ತಕ. ಯಾರು, ಯಾವತ್ತು, ಎಷ್ಟು ಕಿಲೋ, ನೀರಿನಂಶ ಎಷ್ಟು, ಯಾರಿಗೆ, ಯಾವ ದರಕ್ಕೆ. ಒಂದು ಸುಗ್ಗಿ ಇಷ್ಟೇ ಮಾಡಿ. 'ಗಟ್ಟಿ' ಜೇನು ಬೇರೆ, 'ತೆಳು' ಜೇನು ಬೇರೆ ಇಟ್ಟು ಸಗಟಿನಲ್ಲೇ ಮಾರಿ. ತೂಕದ ಮೋಸ ನಿಲ್ಲುವುದರಿಂದ, ಗಟ್ಟಿ ಜೇನಿಗೆ ಬೇರೆ ದರ ಕೇಳುವುದರಿಂದ ಬರುವ ದುಡ್ಡು ಮೊದಲ ವರ್ಷ ಬಾಟಲಿಯ ಲಾಭಕ್ಕಿಂತ ಗಟ್ಟಿಯಾದದ್ದು.

ಮತ್ತೆ ಅದೇ ಯುವಕ

ಅಕ್ಕಾ, ಕಾಫಿ ಅಡ್ವಾನ್ಸಿನ ಬಗ್ಗೆ ಹೇಳಲಿಲ್ಲ. ವ್ಯಾಪಾರಿ ಬಡ್ಡಿ ತಗೊಳ್ಳಲ್ಲ. ಅಪ್ಪನಿಗೆ ಅವನೇ ದೇವರು.

ಉತ್ತರ

ಬಡ್ಡಿ ಇದೆ, ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೆ. ಜುಲೈಯಲ್ಲಿ 10,000 ಕೊಟ್ಟ ಅಂತಿಟ್ಟುಕೋ. ಜನವರಿಯಲ್ಲಿ ಹತ್ತು ಚೀಲ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಒಯ್ಯುತ್ತಾನೆ. ಪೇಟೆ ದರಕ್ಕಿಂತ ಚೀಲಕ್ಕೆ 400 ಕಡಿಮೆ ಹಿಡಿದರೆ 4,000 ಆಯಿತು. ಆರು ತಿಂಗಳಿಗೆ ನೂರಕ್ಕೆ ನಲವತ್ತು, ವರ್ಷದ ಲೆಕ್ಕದಲ್ಲಿ ಎಂಬತ್ತು. ಚೀಲದ ತೂಕ, ತೇವ ಅಂತ ಕಳೆಯುವುದು ಇದರ ಮೇಲೆ. ಇನ್ನೊಂದು ಓಟಿ, ಅಂದರೆ ಔಟ್ ಟರ್ನ್. 50 ಕಿಲೋ ಚೆರ್ರಿಯಿಂದ ಎಷ್ಟು ಕಿಲೋ ಬೇಳೆ ಬರುತ್ತದೆ ಅನ್ನುವುದರ ಮೇಲೆ ದರ ನಿಲ್ಲುತ್ತದೆ. ನಿಮ್ಮ ಕಾಫಿಯ ಓಟಿ ಎಷ್ಟು ಅಂತ ವ್ಯಾಪಾರಿಗೆ ಗೊತ್ತು, ನಿಮ್ಮಪ್ಪನಿಗೆ ಗೊತ್ತಿಲ್ಲ. ಈ ಸಲ ಒಂದು ಚೀಲವನ್ನು ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಯ ಕಡೆ ಒಯ್ದು ಓಟಿ ನೋಡಿಸು. ಹಣ್ಣು ಕಾಯಿ ಒಟ್ಟಿಗೆ ಉಜ್ಜಿ ಕೊಯ್ದಿದ್ದರೆ ಓಟಿ ಇಳಿಯುತ್ತದೆ, ಅದನ್ನೂ ಮನೆಯಲ್ಲಿ ಹೇಳು.

ಆದರೂ ಅಪ್ಪ ವ್ಯಾಪಾರಿಯನ್ನು ದೇವರು ಅಂದರೆ ನಗಬೇಡ. ಜುಲೈ ತಿಂಗಳಲ್ಲಿ ಮಗುವಿಗೆ ಜ್ವರ ಬಂದಾಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ದುಡ್ಡು ಕೊಡುವವನು ಅವನೊಬ್ಬನೇ. ಬ್ಯಾಂಕು ಅಲ್ಲ, ಸೊಸೈಟಿ ಅಲ್ಲ, ನಾನೂ ಅಲ್ಲ. ಅವನ ಜಾಗಕ್ಕೆ ಇನ್ನೊಂದು ಕೈ ಬರದೆ ಅವನನ್ನು ಬಿಡಿ ಅನ್ನುವುದು ಅನ್ಯಾಯ. ಕಾಫಿ ಇರುವ ಜಾಗಕ್ಕೆ ವೈಯಕ್ತಿಕ ಹಕ್ಕುಪತ್ರ ಇದೆಯಾ ನೋಡು. ಇದ್ದರೆ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಬಹುದು. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಇದು ಮುಖ್ಯ, ಯಾಕೆಂದರೆ ಅರಣ್ಯ ಹಕ್ಕಿನ ಭೂಮಿಯನ್ನು ಮಾರುವುದಕ್ಕೆ ಆಗುವುದಿಲ್ಲ. ಮಕ್ಕಳಿಗೆ ಬರುತ್ತದೆ, ಪರಭಾರೆ ಆಗುವುದಿಲ್ಲ. ಹಾಗಾಗಿ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಪಹಣಿ ತನ್ನಿ ಅನ್ನುತ್ತಾರೆ. 2012ರ ನಿಯಮದಲ್ಲಿ ಹಕ್ಕುಪತ್ರ ಕೊಟ್ಟ ಮೇಲೆ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಅದನ್ನು ಸೇರಿಸಬೇಕು ಅಂತ ಇದೆ. ಹೆಚ್ಚೆಂದರೆ ಮೂರು ತಿಂಗಳೊಳಗೆ. ಹದಿನಾಲ್ಕು ವರ್ಷವಾದರೂ ಆಗದ ಊರುಗಳನ್ನು ನೋಡಿದ್ದೇನೆ. ಗ್ರಾಮಸಭೆಯ ಠರಾವು ಮಾಡಿ ತಹಸೀಲ್ದಾರರಿಗೆ ಕೊಡಿ, ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ (ಹುಣಸೂರು ಕಡೆಯ ಶಿಕ್ಷಕರು)

ಮೇಡಂ, ತಪ್ಪು ತಿಳಿಯಬೇಡಿ. ಜೇನು, ನೆಲ್ಲಿಕಾಯಿ ಅಂತ ಎಷ್ಟು ದಿನ? ಮಕ್ಕಳು ಓದಿ ಕಾಡಿನಿಂದ ಹೊರಗೆ ಬಂದು ಮುಖ್ಯವಾಹಿನಿಗೆ ಸೇರಿದರೆ ಬಡತನ ತಾನಾಗಿ ಹೋಗಲ್ವಾ?

ಉತ್ತರ

ಸರ್, ಮಕ್ಕಳು ಓದಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ನಿಮ್ಮಂಥವರು ಹಾಡಿಯ ಮಕ್ಕಳನ್ನು ಬೆಂಚಿನ ಮೇಲೆ ಉಳಿಸಿಕೊಳ್ಳಲು ಪಡುವ ಪಾಡು ನನಗೆ ಗೊತ್ತು. ಮೇ, ಜೂನಿನಲ್ಲಿ ಅಪ್ಪ ಅಮ್ಮನ ಜೊತೆ ಜೇನಿಗೋ ಎಸ್ಟೇಟಿಗೋ ಹೋದ ಮಗು ಆಗಸ್ಟಿಗೆ ವಾಪಸ್ ಬಂದಾಗ ಪಾಠ ಎಲ್ಲೋ ಹೋಗಿರುತ್ತದೆ. ಮನೆಯ ಸಂಪಾದನೆ ಊರಲ್ಲೇ ಆದರೆ ಆ ಮಗು ನಿಮ್ಮ ತರಗತಿಯಲ್ಲೇ ಇರುತ್ತದೆ. ನನಗೆ ಇವು ಎರಡು ಬೇರೆ ದಾರಿ ಅಂತ ಕಾಣುವುದಿಲ್ಲ.

ಆದರೆ ಹೊರಗೆ ಬಂದರೆ ಬಡತನ ಹೋಗುತ್ತದೆ ಅನ್ನುವುದಕ್ಕೆ ನಿಮ್ಮ ಹುಣಸೂರು, ಎಚ್.ಡಿ. ಕೋಟೆಯ ಪುನರ್ವಸತಿ ಊರುಗಳನ್ನೇ ಒಂದು ಸಂಜೆ ಸುತ್ತಿ ಬನ್ನಿ. ನಾಗರಹೊಳೆಯಿಂದ ಹೊರಗೆ ಬಂದ ಜೇನು ಕುರುಬರ ಮನೆಗಳಲ್ಲಿ ಕುಳಿತು ಎಷ್ಟೋ ಸಲ ಲೆಕ್ಕ ಬರೆದಿದ್ದೇನೆ. ಕಾಡಿನಲ್ಲಿ ದುಡ್ಡು ಕೊಡದೆ ಸಿಗುತ್ತಿದ್ದ ಗೆಡ್ಡೆ, ಸೊಪ್ಪು, ಕಳಲೆ, ಸೌದೆ, ಜೇನು ಈಗ ಖರ್ಚಿನ ಪಟ್ಟಿಯಲ್ಲಿವೆ. ಬಂದ ಪರಿಹಾರದ ದುಡ್ಡು ನಿಂತಿಲ್ಲ. ಒಂದೇ ಸಲ ಬಂದ ದೊಡ್ಡ ಮೊತ್ತವನ್ನು ಹಿಡಿದಿಡುವ ಅಭ್ಯಾಸ ನಮ್ಮ ನಿಮ್ಮ ಮನೆಗಳಲ್ಲೂ ಒಂದು ತಲೆಮಾರಿನಲ್ಲಿ ಬಂದಿದ್ದಲ್ಲ, ಅಲ್ವಾ? ಕೆಲವರು ಚೆನ್ನಾಗಿಯೂ ಆಗಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ನೀರಾವರಿ ಸಿಕ್ಕವರು, ಜೊತೆಗೆ ಬಂಧುಬಳಗ ಒಂದೇ ಕಡೆ ಬಂದವರು ಅವರು.

ಹೋಗಲೇಬೇಕು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ ಅನ್ನುವುದೂ ಕಾನೂನೇ. ಹುಲಿ ಕಾಡಿನಿಂದ ಸ್ಥಳಾಂತರ ಮಾಡಬೇಕಾದರೆ ಮೊದಲು ಹಕ್ಕುಗಳನ್ನು ಇತ್ಯರ್ಥ ಮಾಡಬೇಕು. ಆಮೇಲೆ ಗ್ರಾಮಸಭೆ ಎಲ್ಲ ತಿಳಿದುಕೊಂಡು ಬರಹದಲ್ಲಿ ಒಪ್ಪಿಗೆ ಕೊಡಬೇಕು.

ಪ್ರಶ್ನೆ (ಬೆಂಗಳೂರಿನ ಗೃಹಿಣಿ)

ನಾನು ಕಾಡುಜೇನು ಅಂತ ಬರೆದಿರುವುದನ್ನೇ ಕೊಳ್ಳುತ್ತೇನೆ. ಅದರಿಂದ ಅವರಿಗೆ ಉಪಯೋಗ ಆಗುತ್ತಾ?

ಉತ್ತರ

ಕೆಲವೊಮ್ಮೆ ಆಗುತ್ತದೆ. ಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಯಾವ ಊರಿನ ಜೇನು? ತಂದವರಿಗೆ ಕಿಲೋಗೆ ಎಷ್ಟು ಕೊಟ್ಟಿರಿ? ಉತ್ತರ ಹೇಳುವವರ ಹತ್ತಿರ ಕೊಳ್ಳಿ. ಜೇನು ತೆಳ್ಳಗಿದ್ದರೆ, ಬಣ್ಣ ಒಂದೊಂದು ಸಲ ಒಂದೊಂದು ಥರ ಇದ್ದರೆ ಕಲಬೆರಕೆ ಅಂದುಕೊಳ್ಳಬೇಡಿ. ಹೂವು ಬದಲಾದರೆ ಜೇನೂ ಬದಲಾಗುತ್ತದೆ.

ಪ್ರಶ್ನೆ (ನಿವೃತ್ತ ಅರಣ್ಯ ಸಿಬ್ಬಂದಿ)

ಮೂವತ್ತು ವರ್ಷ ಕಾಡಿನಲ್ಲಿ ದುಡಿದವನು ನಾನು. ನೆಲ್ಲಿಕಾಯಿಗೆ ಕೊಂಬೆ ಕಡಿಯುವುದನ್ನು, ಮಾಗಳಿ ಬೇರು ಬುಡಸಮೇತ ಕೀಳುವುದನ್ನು ಕಣ್ಣಾರೆ ನೋಡಿದ್ದೇನೆ. ವ್ಯಾಪಾರ ಅಂತ ಹೋದರೆ ಕಾಡೇ ಖಾಲಿ ಆಗಲ್ವಾ?

ಉತ್ತರ

ಸರ್, ನೀವು ನೋಡಿದ್ದು ನಿಜ. ಮಾಗಳಿ ಬೇರಿನ ವಿಚಾರದಲ್ಲಿ ನಾನು ನಿಮ್ಮ ಪರ. ಬೇರು ಕಿತ್ತರೆ ಬಳ್ಳಿ ಹೋಯಿತು. ಉಪ್ಪಿನಕಾಯಿಗೆ ಅಂತ ಪೇಟೆಯಲ್ಲಿ ಬೇಡಿಕೆ ಏರಿದ ಹಾಗೆ ಕಾಡಿನಲ್ಲಿ ಅದು ಕಡಿಮೆಯಾಗಿದೆ. ಗ್ರಾಮಸಭೆಗಳೇ ಅದಕ್ಕೆ ಕೆಲವು ವರ್ಷ ರಜೆ ಕೊಡಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಆದರೆ ಕೊಂಬೆ ಯಾಕೆ ಕಡಿಯುತ್ತಾರೆ, ಅದನ್ನೂ ನೋಡೋಣ. ಸೊಸೈಟಿಯ ಲಾರಿ ನಾಳೆ ಬರುತ್ತದೆ, ಇವತ್ತೇ ಕಾಯಿ ಇಳಿಸಬೇಕು. ಇವತ್ತು ನಾನು ಕೀಳದಿದ್ದರೆ ನಾಳೆ ಬೇರೆಯವನು ಬಂದು ಕಿತ್ತುಕೊಂಡು ಹೋಗುತ್ತಾನೆ. ಮುಂದಿನ ವರ್ಷ ಕಾಡಿಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಇಂಥ ಜಾಗದಲ್ಲಿ ಯಾರು ತಾನೇ ಮರ ಉಳಿಸುತ್ತಾರೆ? ಈ ಮರ ಮುಂದಿನ ಹತ್ತು ವರ್ಷವೂ ನಮ್ಮ ಪೋಡಿನದ್ದೇ ಅಂತ ಗಟ್ಟಿಯಾದ ಕಡೆ ಕೊಕ್ಕೆ ಕೋಲು ಹಿಡಿದು ಕಾಯಿ ಇಳಿಸುವುದನ್ನು ನೋಡಿದ್ದೇನೆ. ಪ್ರತಿ ಮರದಲ್ಲಿ ಹಕ್ಕಿಗೆ, ಜಿಂಕೆಗೆ, ಬೀಜಕ್ಕೆ ಅಂತ ಒಂದಿಷ್ಟು ಬಿಡುವುದನ್ನೂ ನೋಡಿದ್ದೇನೆ.

ಇನ್ನೊಂದು ಮಾತು. ನೆಲ್ಲಿಯ ಎಳೆ ಸಸಿ ಏಳದಿರುವುದಕ್ಕೆ ಸೋಲಿಗರ ಹಿರಿಯರು ಹೇಳುವ ಕಾರಣ ಬೇರೆ. ಹಿಂದೆ ಬೇಸಿಗೆಯ ಶುರುವಿನಲ್ಲಿ ಅವರು ತರಗುಬೆಂಕಿ ಹಾಕುತ್ತಿದ್ದರು. ಒಣಗಿದೆಲೆ ಸುಟ್ಟು ಬೇಗ ಆರಿಹೋಗುವ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಲಂಟಾನ ಅನ್ನುವ ಪೊದೆ ಕಳೆ ಹಬ್ಬಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಅನ್ನುವ ಬಂದಳಿಕೆ ಏರಿತು. ಈ ಮಾತನ್ನು ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯಂಥ ಕಡೆಯ ವಿಜ್ಞಾನಿಗಳು ಸೋಲಿಗರ ಜೊತೆ ಕೂತು ಅಳತೆ ಮಾಡಿ ಇದನ್ನು ಗಂಭೀರವಾಗಿ ತಗೊಂಡರು. ಈಗ ಲಂಟಾನ ಒತ್ತಾಗಿ ಬೆಳೆದು ನಿಂತಿರುವ ಕಡೆ ಬೆಂಕಿ ಹಾಕಿದರೆ ದೊಡ್ಡ ಅನಾಹುತ ಆಗುತ್ತದೆ. ಅದು ಅವರಿಗೂ ಗೊತ್ತು. ಮೊದಲು ಲಂಟಾನ ತೆಗೆಯಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದಿಂದ ಕುರ್ಚಿ, ಬುಟ್ಟಿ ಮಾಡುವ ಕೆಲಸವೂ ನಡೆದಿದೆ. ಒಳ್ಳೆಯ ಕೆಲಸ, ಆದರೆ ಕಾಡು ತುಂಬಿರುವ ಲಂಟಾನಕ್ಕೆ ಕುರ್ಚಿ ಮಾಡಿ ಮುಗಿಸುತ್ತೇವೆ ಅನ್ನುವುದು ಆಗದ ಮಾತು. ಅದಕ್ಕೆ ಉದ್ಯೋಗ ಖಾತ್ರಿಯಂಥ ಕೂಲಿ ಬೇಕು, ವರ್ಷಗಟ್ಟಲೆ ಬೇಕು.

ನಿಮ್ಮಂಥ ಅನುಭವಿಗಳು ಗ್ರಾಮಸಭೆಗೆ ಬಂದು ಕೂತು ಯಾವ ಮರ ಎಷ್ಟು ಬಿಡಬೇಕು ಅಂತ ಜೊತೆಯಲ್ಲಿ ಮಾತಾಡಿದರೆ ನನಗೆ ತುಂಬ ಸಂತೋಷ ಸರ್. ನಿಜವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ (ಕೊಡಗಿನಿಂದ ಒಬ್ಬ ಮಹಿಳೆ)

ಅಕ್ಕ, ನಾವು ಯರವರು. ತೋಟದ ಲೈನ್ ಮನೆಯಲ್ಲಿ ಇದ್ದೀವಿ. ಮಗಳ ಮದುವೆಗೆ ಸಾಲ ತಗೊಂಡಿದ್ದು. ಬೇರೆ ಕಡೆ ಜಾಸ್ತಿ ಕೂಲಿ ಇದೆ, ಹೋಗ್ತೀವಿ ಅಂದ್ರೆ ಸಾಲ ತೀರಿಸಿ ಹೋಗಿ ಅಂತಾರೆ. ಎಷ್ಟು ತೀರಿದೆ ಅಂತ ಕೇಳಿದ್ರೆ ಹೇಳಲ್ಲ. ನಮಗೆ ಜೇನಿನ ಲೆಕ್ಕ ಬೇಡ, ಇದಕ್ಕೆ ದಾರಿ ಹೇಳಿ.

ಉತ್ತರ

ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. ಇದರ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಸಾಲ ಇದೆ ಅಂತ ಕೆಲಸ ಬಿಟ್ಟು ಹೋಗದಂತೆ ತಡೆಯುವುದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅದು ಅಪರಾಧ. ಆ ಸಾಲವನ್ನು ತೀರಿಸುವ ಹೊಣೆಯೂ ಆ ಕಾಯ್ದೆಯಲ್ಲಿ ರದ್ದಾಗುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ.

ದೂರು ಕೊಡಬೇಕಾದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ. ಅವರು ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡಬೇಕು. ಪುನರ್ವಸತಿ ಹಣಕ್ಕೆ ಆ ಪತ್ರವೇ ಆಧಾರ, ಕೈಬಿಡಬೇಡಿ. ಆದರೆ ದೂರು ಕೊಡುವ ಮುಂಚೆ ಒಂದು ವಿಚಾರ ಯೋಚಿಸಿ. ಲೈನ್ ಮನೆ ಅವರದ್ದು. ದೂರು ಕೊಟ್ಟ ರಾತ್ರಿ ಎಲ್ಲಿ ಮಲಗುತ್ತೀರಿ? ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳದೆ ನಾನು ಯಾರನ್ನೂ ಮುಂದೆ ತಳ್ಳುವುದಿಲ್ಲ. ಒಬ್ಬರೇ ಹೋಗಬೇಡಿ, ನಿಮ್ಮ ಲೈನಿನ ನಾಲ್ಕು ಮನೆಯವರು ಸೇರಿ. ಕೆಲಸಕ್ಕೆ ಹೋದ ದಿನಗಳನ್ನು ಇವತ್ತಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬರೆಯಲು ಬರದಿ‌ದ್ದರೆ ಗೀಟು ಎಳೆದರೂ ಸಾಕು. ಗುಂಪಿನ ನಿರ್ವಾಹಕರ ಮೂಲಕ ನನಗೆ ಬೇರೆಯಾಗಿ ಬರೆಯಿರಿ. ಜಿಲ್ಲೆಯ ಉಚಿತ ಕಾನೂನು ಸೇವಾ ಪ್ರಾಧಿಕಾರಕ್ಕೆ ಜೊತೆಯಲ್ಲಿ ಹೋಗೋಣ.

ಪ್ರಶ್ನೆ (ಸಮಾಜಕಾರ್ಯ ವಿದ್ಯಾರ್ಥಿನಿ, ಮಂಗಳೂರು)

ಮೇಡಂ, ಇದು ನಮ್ಮಲ್ಲಿ ಮಾತ್ರವಾ? ಬೇರೆ ಕಡೆ ಗೆದ್ದ ಊರು ಇದೆಯಾ? ಆದಿವಾಸಿ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ನಮ್ಮ ರಾಜ್ಯಕ್ಕೆ ಯಾಕೆ ಇಲ್ಲ?

ಉತ್ತರ

ನಮ್ಮಲ್ಲಿ ಮಾತ್ರ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ಅಂದಾಜಿನಲ್ಲಿ ಪ್ರಪಂಚದಲ್ಲಿ ಸುಮಾರು 47.6 ಕೋಟಿ ಮೂಲನಿವಾಸಿಗಳಿದ್ದಾರೆ. ಜನಸಂಖ್ಯೆಯಲ್ಲಿ ನೂರಕ್ಕೆ ಆರು. ಕಡುಬಡವರಲ್ಲಿ ಮಾತ್ರ ನೂರಕ್ಕೆ ಹತ್ತೊಂಬತ್ತರ ಹತ್ತಿರ.

ಪೆಸಾ ಅನ್ವಯವಾಗುವುದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ. ಅಂಥ ಪ್ರದೇಶ ಹತ್ತು ರಾಜ್ಯಗಳಲ್ಲಿದೆ, ಕರ್ನಾಟಕದಲ್ಲಿ ಇಲ್ಲ. ಹಾಗಾಗಿ ನಮಗೆ ಅರಣ್ಯ ಹಕ್ಕು ಕಾಯ್ದೆಯೇ ದೊಡ್ಡ ಆಸರೆ. ರಾಜ್ಯದ ಸರಾಸರಿ ನೋಡಿ ಮೋಸ ಹೋಗಬೇಡಿ ಅಂತಲೂ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನಾಯಕ ಸಮುದಾಯದವರು. ಅವರಲ್ಲೂ ಬಡವರು ಬೇಕಾದಷ್ಟು ಇದ್ದಾರೆ. ಆದರೆ ಸೋಲಿಗ, ಜೇನು ಕುರುಬ, ಕೊರಗ, ಯರವರ ಸ್ಥಿತಿ ಆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ನಿಮ್ಮ ಕಡೆಯ ಕೊರಗರು ಮತ್ತು ಜೇನು ಕುರುಬರು ದೇಶದ 75 ಅತಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆ ಆ ಪಟ್ಟಿಯವರಿಗೆ. ಸೋಲಿಗರು ಪಟ್ಟಿಯಲ್ಲಿಲ್ಲ.

ಗೆದ್ದ ಊರು ಅಂದರೆ ನಾನು ಮೇಂಢಾ ಲೇಖಾ ಹೆಸರು ಹೇಳುತ್ತೇನೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಗೊಂಡರ ಸಣ್ಣ ಊರು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಸಮುದಾಯ ಹಕ್ಕು ಪಡೆದರು. ಆದರೂ ಅರಣ್ಯ ಇಲಾಖೆಯವರು ಬಿದಿರು ಮಾರಲು ಬಿಡಲಿಲ್ಲ, ಬಿದಿರು ಅಂದರೆ ಮರ, ಕಿರು ಉತ್ಪನ್ನ ಅಲ್ಲ ಅಂದರು. ಇವರು ಪಟ್ಟು ಬಿಡಲಿಲ್ಲ. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಅವರೇ ಊರಿಗೆ ಬಂದು ಸಾಗಾಣಿಕೆ ಪಾಸಿನ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಆ ಊರಿನಲ್ಲಿ ಬಹುಮತದಿಂದ ಏನನ್ನೂ ತೀರ್ಮಾನಿಸುವುದಿಲ್ಲ. ಎಲ್ಲರೂ ಒಪ್ಪುವವರೆಗೆ ಕೂತು ಮಾತಾಡುತ್ತಾರೆ. ಹಕ್ಕು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಕೂತು ಮಾತಾಡುವ ಅಭ್ಯಾಸ ಇತ್ತು. ಹಾಗಾಗಿ ಪಾಸ್ ಪುಸ್ತಕ ಬಂದ ದಿನ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಹೊರಗಿನಿಂದ ಬಂದು ಆ ಅಭ್ಯಾಸವನ್ನು ನನ್ನಂಥವರು ಕಲಿಸಲಾರೆವು. ನಮ್ಮ ಪೋಡುಗಳ ಹಿರಿಯರಿಗೆ ಅದು ಗೊತ್ತಿರುವುದೇ. ಕುಲದ ನ್ಯಾಯ ಹಾಗೇ ಅಲ್ವಾ ನಡೆಯುತ್ತಿದ್ದದ್ದು?

ಮತ್ತೆ ಬೆಟ್ಟದ ಯುವಕ, ಒಂಬತ್ತು ದಿನ ಬಿಟ್ಟು

ಅಕ್ಕಾ, ಊರಿಗೆ ಹೋಗಿದ್ದೆ. ರಸೀದಿ ಸಿಕ್ಕಿತು. ನೀವು ಹೇಳಿದ ಹಾಗೇ 'ಕೂಲಿ' ಅಂತ ಇದೆ. ನಡಾವಳಿ ಪುಸ್ತಕ ಮಾಜಿ ಅಧ್ಯಕ್ಷರ ಮನೆಯಲ್ಲಿ ಅಟ್ಟದ ಮೇಲಿತ್ತು, ಕೊನೆಯ ಸಭೆ ಐದು ವರ್ಷದ ಹಿಂದಿನದು. ಭಾನುವಾರ ಗ್ರಾಮಸಭೆ ಕರೆದಿದ್ದೀವಿ. ಸೊಸೈಟಿ ಬಿಟ್ಟುಬಿಡೋಣ ಅಂತ ಹುಡುಗರು, ಬೇಡ ಅಂತ ದೊಡ್ಡವರು. ಏನು ಹೇಳಲಿ?

ಉತ್ತರ

ಓದಿ ತುಂಬ ಖುಷಿಯಾಯಿತು ತಮ್ಮಾ. ದೊಡ್ಡವರ ಮಾತು ಕೇಳು. ಸೊಸೈಟಿ ನಿಮ್ಮದೇ, ಷೇರು ನಿಮ್ಮವರದ್ದೇ. ಅದಕ್ಕೆ ಗೋದಾಮು ಇದೆ, ಲೈಸೆನ್ಸ್ ಇದೆ. ಬಿಟ್ಟು ಬಂದರೆ ಆ ಗೋದಾಮು ಬೇರೆಯವರ ಕೈಗೆ ಹೋಗುತ್ತದೆ. ವಾರ್ಷಿಕ ಮಹಾಸಭೆಗೆ ಈ ಸಲ ಪೋಡಿನವರೆಲ್ಲ ಹೋಗಿ. ಅಪ್ಪನ ಮತದ ಹಕ್ಕು ಊರ್ಜಿತವಾಗಿದೆಯಾ ಅಂತ ಸೊಸೈಟಿಯಲ್ಲಿ ಮೊದಲೇ ಕೇಳಿಕೊಳ್ಳಿ. ಆಡಿಟ್ ವರದಿ ಕೇಳಿ. ಯಾವ ಟೆಂಡರಿನಲ್ಲಿ ಯಾವ ದರಕ್ಕೆ ಮಾರಿದಿರಿ ಅಂತ ಕೇಳಿ. ರಸೀದಿಯಲ್ಲಿ ಇನ್ನು ಮೇಲೆ 'ಖರೀದಿ ಬೆಲೆ' ಅಂತ ಬರೆಯಬೇಕು ಅಂತ ಠರಾವು ಮಂಡಿಸಿ. ಒಪ್ಪದಿದ್ದರೆ ಆಗ ಬೇರೆ ದಾರಿ ನೋಡೋಣ. ಒಂದು ವನ್ ಧನ್ ಕೇಂದ್ರ (ಸರ್ಕಾರದ ನೆರವಿನಿಂದ ಕಾಡಿನ ಉತ್ಪನ್ನ ಹಸನು ಮಾಡಿ ಮಾರುವ ಕೂಟ) ಮಾಡಲು ಸುಮಾರು 300 ಸದಸ್ಯರು ಬೇಕು. ಅಕ್ಕಪಕ್ಕದ ಪೋಡುಗಳು ಸೇರಿದರೆ ಆಗುತ್ತದೆ. ಈಗಲೇ ಬೇಡ.

ನೆಲ್ಲಿಕಾಯಿ ಬಗ್ಗೆ ಅಮ್ಮನಿಗೆ ಹೇಳು. ಬೀಜ ತೆಗೆದು ಒಣಗಿಸಿದರೆ ಆರು ಕಿಲೋಗೆ ಒಂದು ಕಿಲೋ ಆಸುಪಾಸು ಬರುತ್ತದೆ. ಒಣಗಿದ್ದರ ದರ ಹಸಿಯದ್ದರ ಆರು ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಆ ಕಷ್ಟ ಪಡಬೇಕು. ಅದರ ಮೇಲೆ ಅವರ ದಿನದ ಕೂಲಿಯೂ ಹುಟ್ಟಬೇಕು. ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಲಾಭ ಬಂತು ಅನ್ನುವ ಸಂಘಗಳನ್ನು ಬೇಕಾದಷ್ಟು ನೋಡಿದ್ದೇನೆ.

ಭಾನುವಾರ ಸಭೆಗೆ ಹೆಂಗಸರು ಬರುವ ಹೊತ್ತು ನೋಡಿ ಇಡಿ, ಬೆಳಿಗ್ಗೆ ಬೇಡ. ಅರಣ್ಯ ಹಕ್ಕಿನ ಗ್ರಾಮಸಭೆಗೆ ಕೋರಂ ಅರ್ಧ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಲೇಬೇಕು. ನಡಾವಳಿಗೆ ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಕೊನೆಯ ಸಾಲಿನ ಕೆಳಗೆ ಗೀಟು ಎಳೆಯಿರಿ, ಆಮೇಲೆ ಯಾರೂ ಏನೂ ಸೇರಿಸದ ಹಾಗೆ. ಹಕ್ಕುಪತ್ರದ ಜೆರಾಕ್ಸನ್ನು ಗೋಡೆಯಿಂದ ಇಳಿಸಿ ಸಭೆಗೆ ತರಲು ಅಪ್ಪನಿಗೆ ಹೇಳು. ಅದರ ಎರಡನೇ ಪುಟದಲ್ಲಿ ಯಾವ ಯಾವ ಹಕ್ಕು ಅಂತ ಪಟ್ಟಿ ಇರುತ್ತದೆ. ಕಟ್ಟು ಹಾಕಿಸಿದ್ದರೆ ಆ ಪುಟ ಹಿಂದೆ ಸಿಕ್ಕಿಕೊಂಡಿರಬಹುದು. ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ನೀನೇ ಓದು.